ಆಲ್ಟೋ ಸ್ಯಾಕ್ಸಿಗೆ ಪ್ಯಾಡ್ ಎಲ್ಲ ಹೊಸತು ಹಾಕಿದೆ, ಆದ್ರೂ ಕೆಳಗಿನ ಸ್ವರ ಗಳಗಳ. ಕಲಿಯುವವನಿಗೆ ಸ್ವಲ್ಪ ದಾರಿ ಹೇಳಿ ಮಾರಾಯ್ರೆ

ಬಂಟ್ವಾಳ್_ಫಿಟ್ಟರ್ · ಸೋಮವಾರ ರಾತ್ರಿ 10:52

ಎಲ್ರಿಗೂ ನಮಸ್ಕಾರ. ನಾನು ಬಂಟ್ವಾಳದ ಕಡೆಯವ. ಐಟಿಐ ಫಿಟ್ಟರ್ ಮುಗಿಸಿ ಒಂದು ವರ್ಷ ಬೈಕಂಪಾಡಿಯಲ್ಲಿ ಕೆಲಸ ಮಾಡಿದೆ, ಈಗ ಎಂಟು ತಿಂಗಳಿಂದ ಬೆಂಗಳೂರಲ್ಲಿ ಶಿವಾಜಿನಗರದ ಹತ್ರ ಒಬ್ರು ಉಸ್ತಾದರ ಅಂಗಡಿಯಲ್ಲಿ ಬ್ಯಾಂಡ್ ವಾದ್ಯ ರಿಪೇರಿ ಕಲಿತಾ ಇದ್ದೇನೆ. ಅಂಗಡಿ ಅಂದ್ರೆ ಹತ್ತಡಿ ಎಂಟಡಿ, ಮೇಲಿಂದ ಯೂಫೋನಿಯಂ ಸೈಡ್ ಡ್ರಮ್ ಎಲ್ಲ ನೇತಾಡ್ತಾ ಇರ್ತದೆ, ತಲೆ ತಗ್ಗಿಸಿಯೇ ಒಳಗೆ ಹೋಗ್ಬೇಕು. ಮೊದಲ ಮೂರು ತಿಂಗಳು ಉಸ್ತಾದರು ನನ್ನ ಕೈಯಲ್ಲಿ ಬರೀ ತೊಳೆಸಿದ್ರು, ಆಮೇಲೆ ಕಾರ್ಕು ಕೊಯ್ಯುವುದು, ಈಗ ಪ್ಯಾಡ್ (ವಾದ್ಯದ ತೂತು ಮುಚ್ಚುವ ಚರ್ಮದ ಬಿಲ್ಲೆ).

ವಿಷಯ ಎಂತ ಅಂದ್ರೆ ನಮ್ಮ ಮಾವ ಊರಲ್ಲಿ ದೇವಸ್ಥಾನದ ವಾದ್ಯದವರು, ಸ್ಯಾಕ್ಸೋಫೋನ್ ನುಡಿಸ್ತಾರೆ. ಅವರ ಆಲ್ಟೋ ಸ್ಯಾಕ್ಸು ಇಪ್ಪತ್ತು ವರ್ಷ ಹಳೇದು, ನಮ್ಮ ಕಡೆಯ ಉಪ್ಪು ಗಾಳಿಗೆ ಸ್ಪ್ರಿಂಗೆಲ್ಲ ತುಕ್ಕು, ಪ್ಯಾಡೆಲ್ಲ ಹಪ್ಪಳದ ಹಾಗೆ ಆಗಿತ್ತು. "ನೀನು ಕಲಿತದ್ದು ನೋಡ್ವಾ" ಅಂತ ನನಗೇ ಕೊಟ್ಟು ಕಳಿಸಿದ್ರು. ಬರುವ ಭಾನುವಾರ ಅವರಿಗೆ ಉತ್ಸವ ಉಂಟು, ಶನಿವಾರ ರಾತ್ರಿ ಬಸ್ಸಲ್ಲಿ ನಾನು ತಕೊಂಡು ಹೋಗ್ಬೇಕು.

ಇಲ್ಲಿವರೆಗೆ ಮಾಡಿದ್ದು: ಕೀ ಎಲ್ಲ ಬಿಚ್ಚಿ ತೊಳೆದೆ, ಹಳೇ ಅಂಟು, ಕೊಳೆ ಎಲ್ಲ ಕೆರೆದು ತೆಗೆದೆ, ಇಪ್ಪತ್ತೈದರ ಹತ್ರ ಪ್ಯಾಡ್ ಹೊಸತು ಹಾಕಿದೆ. ಉಸ್ತಾದರು ಹಾಟ್ ಗ್ಲೂ ಮುಟ್ಲಿಕ್ಕೇ ಬಿಡುದಿಲ್ಲ, ಅರಗೇ ಬೇಕು ಅವರಿಗೆ. ಕಪ್ಪಿಗೆ (ಪ್ಯಾಡ್ ಕೂರುವ ಲೋಹದ ಬಟ್ಟಲು) ಹಿಂದಿಂದ ಸ್ಪಿರಿಟ್ ದೀಪ ಹಿಡಿದು ಅರಗು ಕರಗಿಸಿ, ಪ್ಯಾಡ್ ಅದರ ಮೇಲೆ ತೇಲುವ ಹಾಗೆ ಕೂರಿಸಿ, ತೆಳು ತಗಡಲ್ಲಿ ಒತ್ತಿ ಸಮ ಮಾಡುದು. ಒಂದು ಕಡೆ ಜ್ವಾಲೆ ಸ್ವಲ್ಪ ಹೆಚ್ಚು ಹಿಡಿದು ಲ್ಯಾಕರ್ ಸುಟ್ಟು ಕಂದು ಕಲೆ ಆಯ್ತು, ಮಾವನಿಗೆ ಇನ್ನೂ ಹೇಳ್ಲಿಲ್ಲ.

ಈಗ ಮೇಲಿಂದ ಡಿ ವರೆಗೆ ಚಂದ ಬರ್ತದೆ. ಕೆಳಗಿನ ಸಿ ಸಹ ಬರ್ತದೆ. ಸಿ ಶಾರ್ಪ್, ಬಿ, ಬಿ ಫ್ಲಾಟ್ ಹಿಡಿದ್ರೆ ಮಾತ್ರ ಗಳಗಳಗಳ, ಬಾಯಲ್ಲಿ ನೀರು ಹಾಕಿ ಮುಕ್ಕಳಿಸಿದ ಹಾಗೆ. ಒಳಗೆ ಲೈಟ್ ಬಿಟ್ಟು ಕತ್ತಲೆಯಲ್ಲಿ ನೋಡಿದೆ (ದೀಪಾವಳಿ ಸೀರಿಯಲ್ ಲೈಟಿನ ತುಂಡು, ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ ನಾನೇ ಮಾಡಿದ್ದು), ಎಲ್ಲೂ ಬೆಳಕು ಸೋರುದಿಲ್ಲ. ಉಸ್ತಾದರಿಗೆ ಕೊಟ್ಟೆ, ಒಂದು ಸಲ ಊದಿದ್ರು, ನಕ್ಕರು, "ನೀನು ಮಾಡಿದ್ದು, ನೀನೇ ಹುಡುಕು ಬೇಟಾ" ಅಂತ ಚಾಕ್ಕೆ ಹೋದ್ರು. ಮೂರು ದಿನ ಆಯ್ತು.

ಸುಮ್ನೆ_ಓದೋನು · ಸೋಮವಾರ ರಾತ್ರಿ 11:10

ಬ್ರೋ ತಪ್ಪು ತಿಳ್ಕೋಬೇಡ, ಆನ್‌ಲೈನಲ್ಲಿ ಇಪ್ಪತ್ತು ಸಾವಿರಕ್ಕೆ ಹೊಸ ಆಲ್ಟೋ ಸ್ಯಾಕ್ಸ್ ಕೇಸ್ ಸಮೇತ ಮನೆಗೇ ಬರುತ್ತೆ. ಇಪ್ಪತ್ತು ವರ್ಷದ ಹಳೇ ಪೀಸಿಗೆ ಇಷ್ಟೆಲ್ಲ ಯಾಕೆ? ಮತ್ತೆ ಈ ಕೆಲಸದಲ್ಲಿ ಫ್ಯೂಚರ್ ಏನಿದೆ, ಸೀರಿಯಸ್ ಆಗೇ ಕೇಳ್ತಿದೀನಿ.

ಹುಬ್ಬಳ್ಳಿ_ಬ್ರಾಸ್ · ಸೋಮವಾರ ರಾತ್ರಿ 11:31

ಸುಮ್ನೆ ಓದೋರೇ, ಸುಮ್ನ ಓದ್ರಿ. ಆ ಇಪ್ಪತ್ತು ಸಾವಿರದ್ದು ನಮ್ಮ ಬ್ಯಾಂಡ್ ಕಂಪನಿಗೂ ಒಂದು ಬಂದಿತ್ರಿ, ಒಂದು ಲಗ್ನದ ಸೀಸನ್ ತಡದಿಲ್ಲ, ಕೀ ಎಲ್ಲ ಹಸಿ ಹಿತ್ತಾಳಿ, ಹುಡುಗ ಜೋರ ಒತ್ತಿದ್ರ ಬಾಗತಾವ, ಬಾಗಿಸಿ ಸರಿ ಮಾಡಿದ್ರ ಮರುದಿನ ಮತ್ತ ಬಾಗತಾವ. ಹಳೇದಕ್ಕ ಕೀ ಗಟ್ಟಿ ಇರ್ತಾವ, ರಿಪೇರಿ ಮಾಡಿದ್ರ ನಿಂದರ್ತೈತಿ.

ತಮ್ಮಾ, ನಮ್ದು ಮೂರು ತಲಿಯಿಂದ ಬ್ಯಾಂಡಿನ ಧಂದೆ. ಸ್ಯಾಕ್ಸ್ ನನಗ ಅಷ್ಟ ಗೊತ್ತಿಲ್ಲ, ಟ್ರಂಪೆಟ್ ಯೂಫೋನಿಯಂ ಆದ್ರ ಕಣ್ಣ ಮುಚ್ಚಿ ಮಾಡ್ತೀನಿ. ಆದ್ರ ಗಾಳಿ ಎಲ್ಲಿ ಸೋರ್ತೈತಿ ಅಂತ ನೋಡಾಕ ನಮ್ಮಪ್ಪ ಏನ ಮಾಡ್ತಿದ್ದಾ ಅಂದ್ರ ಊದಿನಕಡ್ಡಿ ಹೊಗಿ ಒಳಗ ಬಿಟ್ಟು ಎಲ್ಲಾ ತೂತು ಮುಚ್ಚಿ ಮೆಲ್ಲಕ ಊದ್ತಿದ್ದ, ಹೊಗಿ ಎಲ್ಲಿಂದ ಬರ್ತೈತಿ ಅಲ್ಲೇ ಸೋರಿಕಿ. ಒಮ್ಮೆ ಮಾಡಿ ನೋಡು.

ದಾವಣಗೆರೆ_ಟು_ಮಿನ್ನೆಸೋಟ · ಮಂಗಳವಾರ ಬೆಳಿಗ್ಗೆ 6:15

ಅಯ್ಯೋ ಹೊಗೆ ಬೇಡ, ಹೊಸ ಪ್ಯಾಡಿನ ಚರ್ಮಕ್ಕೆ ಜಿಡ್ಡು ಹಿಡಿಯುತ್ತೆ ಅಣ್ಣ, ಆಮೇಲೆ ಅಂಟಂಟು ಅನ್ನುತ್ತೆ.

ಹಾಯ್ ಫಿಟ್ಟರ್, ನಾನೂ ನಿನ್ನ ಥರಾನೇ ಸ್ಟೂಡೆಂಟು. ಯಜಮಾನ್ರ ಕೆಲಸಕ್ಕೆ ಅಂತ ಮಿನ್ನೆಸೋಟಕ್ಕೆ ಬಂದವಳು, ಸ್ಕೂಲ್ ಬ್ಯಾಂಡಲ್ಲಿ ಕ್ಲಾರಿನೆಟ್ ನುಡಿಸಿದ್ದ ಹುಚ್ಚು ಇತ್ತು ನೋಡು, ರೆಡ್ ವಿಂಗ್ ಅಂತ ಮಿಸ್ಸಿಸ್ಸಿಪ್ಪಿ ನದಿ ದಡದಲ್ಲಿ ಒಂದು ಊರು, ಮಿನ್ನಿಯಾಪೊಲಿಸಿಂದ ಕಾರಲ್ಲಿ ಒಂದು ಗಂಟೆ, ಅಲ್ಲಿ ಸರ್ಕಾರಿ ಕಾಲೇಜಲ್ಲಿ ಬ್ಯಾಂಡ್ ವಾದ್ಯ ರಿಪೇರಿಗೇ ಒಂದು ಕೋರ್ಸ್ ಇದೆ. ಶೂಗೆ ಫೇಮಸ್ ಊರು ಅದು. ಪಕ್ಕದ ರೂಮಲ್ಲಿ ಗಿಟಾರ್ ಮಾಡೋರು, ಇಲ್ಲಿ ನಾವು ಟ್ರಾಂಬೋನ್ ಬಡಿಯೋರು. ನಮ್ಮಮ್ಮಂಗೆ ಇನ್ನೂ ಹೇಳೋಕಾಗಿಲ್ಲ, ಇಂಜಿನಿಯರಿಂಗ್ ಓದಿಸಿದ್ದು ಪೀಪಿ ರಿಪೇರಿ ಮಾಡೋಕಾ ಅಂತಾಳೆ. ಒಂದ್ ಮಾತು ಹೇಳ್ಲಾ, ನೀನು ಐಟಿಐ ಫಿಟ್ಟರ್ ಅಂದೆಯಲ್ಲ, ನಿನ್ ಮುಂದೆ ನಾನು ಏನೂ ಅಲ್ಲ. ನಮ್ಗೆ ಮೊದಲ ವಾರಗಳೆಲ್ಲ ಫೈಲಿಂಗು, ಬೆಸುಗೆ, ಲೇತು, ಸ್ಕ್ರೂಡ್ರೈವರ್ ತುದಿ ಸಾಣೆ ಹಿಡಿಯೋದು. ವಾದ್ಯ ಕೈಗೆ ಸಿಗೋಷ್ಟೊತ್ತಿಗೆ ಬೆರಳೆಲ್ಲ ಬ್ಯಾಂಡೇಜು.

ಈಗ ನಿನ್ನ ಪ್ರಶ್ನೆ. ಲೈಟ್ ಒಂದನ್ನೇ ನಂಬಬೇಡ. ಚರ್ಮ ಒಂದು ಕಡೆ ತಾಗಿದ್ರೂ ಎಷ್ಟು ಬಿಗಿಯಾಗಿ ತಾಗಿದೆ ಅಂತ ಲೈಟ್ ಹೇಳಲ್ಲ. ಸಿಗರೇಟ್ ಕಾಗದ ಸಿಗುತ್ತಲ್ಲ, ಅದನ್ನ ಉಗುರಗಲ ಪಟ್ಟಿ ಕತ್ತರಿಸಿ ಪ್ಯಾಡಿನ ಕೆಳಗೆ ಇಟ್ಟು ಕೀ ಮೆತ್ತಗೆ ಒತ್ತಿ ಎಳಿ. ಸುತ್ತ ನಾಲ್ಕೂ ಕಡೆ ಒಂದೇ ಸಮ ಹಿಡಿತ ಇರಬೇಕು. ಜೋರಾಗಿ ಒತ್ತಿದ್ರೆ ಎಂಥಾ ಪ್ಯಾಡೂ ಮುಚ್ಚುತ್ತೆ, ಅದು ಮೋಸ. ಬೆಲ್ (ಸ್ಯಾಕ್ಸಿನ ಅಗಲ ಬಾಯಿ) ಮೇಲಿನ ದೊಡ್ಡ ಎರಡು ಪ್ಯಾಡು, ಬಿ ಮತ್ತು ಬಿ ಫ್ಲಾಟ್, ಮೊದಲು ಅವನ್ನ ನೋಡು.

ಬ್ಯಾಂಡ್_ಮಿಸ್ · ಮಂಗಳವಾರ ಮಧ್ಯಾಹ್ನ 1:20

ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ಬೆಂಗಳೂರಲ್ಲಿ ಸ್ಕೂಲ್ ಬ್ಯಾಂಡ್ ನೋಡ್ಕೊಳ್ತೀನಿ. ಒಂದು ಟ್ರಂಪೆಟ್ಟಲ್ಲಿ ಮೌತ್‌ಪೀಸ್ ಸಿಕ್ಕಾಕ್ಕೊಂಡು ಎರಡು ವಾರ ಆಯ್ತು. ಪಿ.ಟಿ. ಸರ್ ಕಟಿಂಗ್ ಪ್ಲೇಯರ್ ತಂದು ನಿಂತಿದ್ದಾರೆ, ನಾನು ಬೇಡ ಅಂತ ತಡೆದಿದ್ದೀನಿ. ಇನ್ನೊಂದು ಟ್ರಂಪೆಟ್ಟು ಊದಿದ್ರೆ ಗಾಳಿನೇ ಹೋಗಲ್ಲ, ಮೊನ್ನೆ ತಾನೆ ಮಕ್ಕಳು ತೊಳೆದಿಟ್ಟಿದ್ದು. ಏನ್ ಮಾಡ್ಲಿ?

ಹುಬ್ಬಳ್ಳಿ_ಬ್ರಾಸ್ · ಮಂಗಳವಾರ ಮಧ್ಯಾಹ್ನ 1:48

ಪ್ಲೇಯರ್ ಕಸಗೊಂಡು ಒಳಗ ಇಟ್ಟು ಕೀಲಿ ಹಾಕ್ರಿ ಅಕ್ಕಾರ ಮೊದಲ. ಪ್ಲೇಯರಲೆ ತಿರುವಿದ್ರ ಮೌತ್‌ಪೀಸ್ ಬರೂದಿಲ್ಲ, ಆ ಮುಂದಿನ ಪೈಪ ತಿರುಚಿ ಬೆಸುಗಿ ಬಿಟ್ಟು ಬರ್ತೈತಿ, ನೂರು ರೂಪಾಯಿ ಕೆಲಸ ಸಾವಿರದ್ದ ಆಗ್ತೈತಿ. ಅದಕ್ಕ ಪುಲ್ಲರ್ ಅಂತ ಬರ್ತೈತಿ, ಎರಡೂ ಕಡೆ ಸ್ಕ್ರೂ ಇರ್ತಾವ, ಎರಡೂ ಸಮ ತಿರುವಕೋತ ಹೋದ್ರ ಟಪ್ ಅಂತ ಬರ್ತೈತಿ. ಬೆಂಗಳೂರಾಗ ಯಾವ ರಿಪೇರಿಯವ್ರ ಹತ್ರ ಆದ್ರೂ ಇರ್ತೈತಿ, ನಮ್ಮ ಈ ತಮ್ಮನ ಅಂಗಡ್ಯಾಗೂ ಇದ್ದೀತು.

ಇನ್ನ ಗಾಳಿ ಹೋಗದ ಟ್ರಂಪೆಟ್ಟು: ಹುಡುಗ್ರು ತೊಳದಾಗ ಪಿಸ್ಟನ್ ಅದಲಿಬದಲಿ ಮಾಡ್ಯಾರ. ಪಿಸ್ಟನ್ ಮ್ಯಾಲ 1, 2, 3 ಅಂತ ನಂಬರ್ ಕೊರದಿರ್ತಾರ ನೋಡ್ರಿ, ಒಂದನೇದು ಬಾಯಿ ಕಡೆ. ನಂಬರ್ ಸರಿ ಇದ್ರ ಒಳಗಿನ ಗೈಡ್ ಅದರ ಕಚ್ಚಿನ್ಯಾಗ ಕುಂತಿಲ್ಲ, ಮೆಲ್ಲಕ ತಿರುವ್ರಿ, ಟಕ್ ಅಂತ ಕೂಡೂತನ. ಇದಕ್ಕ ರೊಕ್ಕ ಕೊಟ್ಟೀರಿ ಮತ್ತ.

ಬ್ಯಾಂಡ್_ಮಿಸ್ · ಮಂಗಳವಾರ ಮಧ್ಯಾಹ್ನ 2:30

1 ಇರೋ ಜಾಗದಲ್ಲಿ 3 ಇತ್ತು! ಈಗ ಊದ್ತಿದೆ. ಸಾರ್ ನಿಮಗೆ ಧಾರವಾಡ ಪೇಡೆ ನಾನೇ ಕಳಿಸ್ತೀನಿ.

ಹುಬ್ಬಳ್ಳಿ_ಬ್ರಾಸ್ · ಮಂಗಳವಾರ ಮಧ್ಯಾಹ್ನ 2:41

ಧಾರವಾಡದ ಬಾಜೂಕ ಇದ್ದವ್ನಿಗೆ ಬೆಂಗಳೂರಿಂದ ಪೇಡೆ ಕಳಸ್ತಾರಂತ 😄

ಬಂಟ್ವಾಳ್_ಫಿಟ್ಟರ್ · ಮಂಗಳವಾರ ರಾತ್ರಿ 9:40

ಪುಲ್ಲರ್ ಉಂಟು ಮಿಸ್, ತನ್ನಿ, ಎರಡು ನಿಮಿಷದ ಕೆಲಸ.

ಸಿಗರೇಟ್ ಕಾಗದ ತಕೊಳ್ಳಿಕ್ಕೆ ಪಾನ್ ಅಂಗಡಿಗೆ ಹೋಗಿದ್ದೆ. "ತಂಬಾಕು ಬೇಡ, ಕಾಗದ ಮಾತ್ರ ಸಾಕು" ಅಂದದ್ದಕ್ಕೆ ಅವ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸ್ಯಾಕ್ಸೋಫೋನಿಗೆ ಅಂದೆ. ಇನ್ನೂ ವಿಚಿತ್ರ ನೋಡಿದ.

ಅಕ್ಕಾ ನೀವು ಹೇಳಿದ ಹಾಗೆ ಎಲ್ಲ ಪ್ಯಾಡಿಗೂ ಕಾಗದ ಇಟ್ಟು ಎಳೆದೆ, ಒಂದು ಪ್ಯಾಡಿಗೆ ಎಂಟು ಜಾಗ. ಬಿ ಫ್ಲಾಟ್ ಪ್ಯಾಡು ಹಿಂಜಿನ ಕಡೆ ಸ್ವಲ್ಪ ಸಡಿಲ ಇತ್ತು, ಮತ್ತೆ ಕಾಯಿಸಿ ಕೂರಿಸಿ ರಬ್ಬರ್ ಬ್ಯಾಂಡ್ ಹಾಕಿ ಒಂದು ಗಂಟೆ ಬಿಟ್ಟೆ. ಈಗ ಎಲ್ಲಾ ಕಡೆ ಹಿಡಿತ ಚಂದ ಉಂಟು. ಊದಿದೆ. ಗಳಗಳ ಹಾಗೇ ಉಂಟು. ಉಸ್ತಾದರು ಟೀ ಕುಡಿತಾ ನೋಡ್ತಾ ಇದ್ರು, ಏನೂ ಹೇಳ್ಲಿಲ್ಲ.

ಸುಮ್ನೆ ಓದೋರಿಗೆ: ಫ್ಯೂಚರ್ ಕೇಳಿದ್ರಲ್ಲ. ನಮ್ಮ ದಕ್ಷಿಣ ಕನ್ನಡ ಉಡುಪಿ ಕಡೆ ಬಂದು ನೋಡಿ, ದೇವಸ್ಥಾನದ ಉತ್ಸವ, ಮದುವೆ, ಎಲ್ಲಿ ಹೋದ್ರೂ ಸ್ಯಾಕ್ಸೋಫೋನ್. ಕದ್ರಿ ಗೋಪಾಲನಾಥರು ಹಾಕಿ ಕೊಟ್ಟ ದಾರಿ ಅದು. ನಾಗಸ್ವರದ ಮನೆತನದವರೇ ಎಷ್ಟೋ ಜನ ಈಗ ಸ್ಯಾಕ್ಸು ಹಿಡಿದಿದ್ದಾರೆ. ಅಷ್ಟು ಸ್ಯಾಕ್ಸು ಉಂಟು, ಆದ್ರೆ ಪ್ಯಾಡ್ ಹೋದ್ರೆ ಮಾವ ಬೆಂಗಳೂರಿಗೋ ಚೆನ್ನೈಗೋ ಕಳಿಸ್ಬೇಕು, ಬರ್ಲಿಕ್ಕೆ ಒಂದು ತಿಂಗಳು, ಅಷ್ಟರಲ್ಲಿ ನಾಲ್ಕು ಕಾರ್ಯಕ್ರಮ ಹೋಯ್ತು. ನಾನು ಕಲಿತು ಬಿ.ಸಿ.ರೋಡಲ್ಲಿ ಒಂದು ಸಣ್ಣ ಅಂಗಡಿ ಹಾಕಿದ್ರೆ ಸಾಕು. ಉಸ್ತಾದರು ತಿಂಗಳಿಗೆ ಆರು ಸಾವಿರ, ಮಧ್ಯಾಹ್ನದ ಊಟ ಕೊಡ್ತಾರೆ, ಕಷ್ಟ ಉಂಟು, ಇಲ್ಲ ಅಂತ ಹೇಳುದಿಲ್ಲ.

ಹಳೇ_ಬ್ಯಾಂಡ್ಮನ್ · ಬುಧವಾರ ಬೆಳಿಗ್ಗೆ 7:05

ಕದ್ರಿ ಹೆಸರು ಬಂತಲ್ಲ, ಅದಕ್ಕೆ ಬರೀತಿದೀನಿ. ಅವರು ಚಿಕ್ಕೋರಿದ್ದಾಗ ಸ್ಯಾಕ್ಸಿಗೆ ಮನಸೋತಿದ್ದೇ ನಮ್ಮ ಮೈಸೂರು ಅರಮನೆ ಬ್ಯಾಂಡಿನೋರು ನುಡಿಸೋದು ಕೇಳಿ, ಗೊತ್ತಾ ನಿಂಗೆ? ಮನೇಲಿ ತಂದೆ ನಾಗಸ್ವರದೋರು. ಆ ಹುಡುಗ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮ್ಸ್ ಸಂಗೀತೋತ್ಸವದಲ್ಲಿ ಕರ್ನಾಟಕ ಸಂಗೀತ ನುಡಿಸಿ ಬಂದರು, 2004ರಲ್ಲಿ ಪದ್ಮಶ್ರೀ. 2019ರಲ್ಲಿ ಹೋಗಿಬಿಟ್ಟರು. ನಾನು ಪೊಲೀಸ್ ಬ್ಯಾಂಡಲ್ಲಿ ಇಪ್ಪತ್ತೆಂಟು ವರ್ಷ ಸ್ಯಾಕ್ಸ್ ನುಡಿಸಿ ರಿಟೈರ್ ಆದೋನು. ದಸರಾದಲ್ಲಿ ಅಂಬಾರಿ ಮುಂದೆ ಬಿಸಿಲಲ್ಲಿ ನಿಂತು ನಿಂತು, ಪ್ಯಾಡು ಒಣಗಿ ಸ್ವರ ಕೈಕೊಡೋದು ಹೊಸದಲ್ಲ ನಂಗೆ.

ಈಗ ನೀನು ಬರೆದದ್ದನ್ನ ನೀನೇ ಇನ್ನೊಂದ್ಸಲ ಓದು ಮಗ. ಡಿ ಬರುತ್ತೆ ಅಂದೆ. ಸಿ ಬರುತ್ತೆ ಅಂದೆ. ಸಿ ಬರಬೇಕಾದ್ರೆ ಮೇಲಿನ ತೂತೆಲ್ಲ ಮುಚ್ಚಿರಲೇಬೇಕು, ಅಂದ್ರೆ ನಿನ್ನ ಪ್ಯಾಡೆಲ್ಲ ಚೆನ್ನಾಗೇ ಇದೆ. ಸಿ ಶಾರ್ಪಿಂದ ಕೆಟ್ಟಿತು. ಸಿ ಹಿಡಿಯೋವಾಗ ಇಲ್ಲದ ಯಾವ ಬೆರಳು ಸಿ ಶಾರ್ಪಿಗೆ, ಬಿಗೆ, ಬಿ ಫ್ಲಾಟಿಗೆ ಹೊಸದಾಗಿ ಬರುತ್ತೆ? ಎಡಗೈ ಕಿರುಬೆರಳು. ಅದು ಒತ್ತಿದ ತಕ್ಷಣ ಏನೋ ಒಂದು ಏಳ್ತಿದೆ ಕಣಪ್ಪ. ನೀನು ಲೈಟ್ ಬಿಟ್ಟು ನೋಡೋವಾಗ, ಕಾಗದ ಎಳೆಯೋವಾಗ, ಕಿರುಬೆರಳು ಒತ್ತಿದ್ಯಾ? ಒತ್ತಿರಲ್ಲ.

ಒಂದು ಕೆಲಸ ಮಾಡು. ಕೆಳಗಿನ ಡಿ ಹಿಡಿದು ಉದ್ದಕ್ಕೆ ಊದ್ತಾ ಇರು, ಊದ್ತಾನೇ ಎಡಗೈ ಕಿರುಬೆರಳಲ್ಲಿ ಜಿ ಶಾರ್ಪ್ ಕೀ ಒತ್ತು. ಸ್ವರ ಅಲ್ಲಾಡಬಾರದು. ಅಲ್ಲಾಡಿದ್ರೆ ಕಳ್ಳ ಸಿಕ್ಕಿದ. ಇನ್ನೊಂದು, ಬಲಗೈ ಬೆರಳು ಒತ್ತಿದಾಗ ಟಕ್ ಟಕ್ ಅಂತ ಕಬ್ಬಿಣಕ್ಕೆ ಕಬ್ಬಿಣ ತಾಗೋ ಸದ್ದು ಬರ್ತಿದ್ಯಾ?

ಬಂಟ್ವಾಳ್_ಫಿಟ್ಟರ್ · ಬುಧವಾರ ಮಧ್ಯಾಹ್ನ 1:15

ಅಯ್ಯೋ ದೇವರೇ. ಊಟಕ್ಕೆ ಬಿಟ್ಟ ಕೂಡ್ಲೇ ನೋಡಿದೆ. ಡಿ ಊದ್ತಾ ಜಿ ಶಾರ್ಪ್ ಒತ್ತಿದೆ, ಗಳಗಳ! ಸರ್ ನೀವು ಮೈಸೂರಲ್ಲಿ ಕೂತು ಹೇಗೆ ಕಂಡುಹಿಡಿದ್ರಿ! ಟಕ್ ಟಕ್ ಸದ್ದು ಸಹ ಉಂಟು, ನಾನು ಹಳೇ ಸ್ಯಾಕ್ಸಲ್ವಾ ಹಾಗೆ ಇರ್ತದೆ ಅಂತ ಬಿಟ್ಟಿದ್ದೆ. ಆದ್ರೆ ಜಿ ಶಾರ್ಪ್ ಪ್ಯಾಡು ಹೊಸತು, ಕಾಗದದ ಹಿಡಿತ ಎಲ್ಲದಕ್ಕಿಂತ ಚಂದ ಇರುದೇ ಅದರದ್ದು. ಅದು ಯಾಕೆ ಏಳ್ತದೆ?

ದಾವಣಗೆರೆ_ಟು_ಮಿನ್ನೆಸೋಟ · ಬುಧವಾರ ಸಂಜೆ 5:50

ಹಳೇ ಬ್ಯಾಂಡ್ಮನ್ ಸರ್, ದೊಡ್ಡ ನಮಸ್ಕಾರ. ನಾನು ಬಿ ಫ್ಲಾಟ್ ಪ್ಯಾಡ್ ನೋಡು ಅಂದು ಹುಡುಗನ ಒಂದಿನ ಹಾಳು ಮಾಡಿದೆ. ಅವನು ಸಿ ಬರುತ್ತೆ ಅಂತ ಬರೆದಿದ್ದು ಕಣ್ಣಿಗೆ ಬಿದ್ದಿದ್ರೂ ತಲೆಗೆ ಹೋಗ್ಲಿಲ್ಲ.

ಯಾಕೆ ಏಳುತ್ತೆ ಹೇಳ್ತೀನಿ, ಮೊನ್ನೆ ತಾನೆ ಇದನ್ನ ಬಿಚ್ಚಿ ನೋಡಿದ್ದು. ಜಿ ಶಾರ್ಪಿಗೆ ಎರಡು ಸ್ಪ್ರಿಂಗು. ಪ್ಯಾಡ್ ಇರೋ ಕಪ್ಪಿಗೆ ಒಂದು ಬಡಕಲು ಸ್ಪ್ರಿಂಗು, ಅದು ಯಾವಾಗ್ಲೂ ಕಪ್ಪನ್ನ ಮೇಲಕ್ಕೆ ಎತ್ತೋಕೆ ನೋಡ್ತಿರುತ್ತೆ. ಕಿರುಬೆರಳಿನ ಲಿವರಿಗೆ ಒಂದು ಗಟ್ಟಿ ಸ್ಪ್ರಿಂಗು, ಅದು ಕಪ್ಪನ್ನ ಅದುಮಿ ಇಟ್ಟಿರುತ್ತೆ. ನೀನು ಕಿರುಬೆರಳು ಒತ್ತಿದ್ರೆ ಗಟ್ಟಿಯದು ದೂರ ಸರಿಯುತ್ತೆ, ಬಡಕಲು ಸ್ಪ್ರಿಂಗು ಕಪ್ಪನ್ನ ಎತ್ತುತ್ತೆ. ಈಗ ಮಜಾ ನೋಡು, ಸಿ ಶಾರ್ಪ್, ಬಿ, ಬಿ ಫ್ಲಾಟ್ ಕೀಗಳು ಇದೇ ಲಿವರಿಗೆ ಕಟ್ಟಿಕೊಂಡಿವೆ, ಯಾವುದನ್ನ ಒತ್ತಿದ್ರೂ ಜಿ ಶಾರ್ಪ್ ಲಿವರೂ ಜೊತೆಗೆ ಹೋಗುತ್ತೆ. ಆಗ ಜಿ ಶಾರ್ಪ್ ಏಳದ ಹಾಗೆ ಹಿಡಿಯೋದು ಒಂದೇ ಒಂದು, ಬಲಗೈ ಕೀಗಳ ಸಾಲಲ್ಲಿ ಎಫ್ ಶಾರ್ಪ್ ಕಪ್ಪಿಂದ ಹೊರಟ ಒಂದು ಸಣ್ಣ ತೋಳು. ಅದು ಜಿ ಶಾರ್ಪ್ ಕಪ್ಪಿನ ಮೇಲೆ ಬಂದು ಕೂರುತ್ತೆ. ಆ ತೋಳಿಗೂ ಕಪ್ಪಿಗೂ ನಡುವೆ ಒಂದು ಚೂರು ಕಾರ್ಕೋ ಫೆಲ್ಟೋ ಇರಬೇಕು, ತುಂಬಾ ಸ್ಯಾಕ್ಸಲ್ಲಿ ಮೇಲೆ ಅಡ್ಜಸ್ಟ್ ಮಾಡೋಕೆ ಸ್ಕ್ರೂನೂ ಇರುತ್ತೆ. ಅಲ್ಲಿ ಕೂದಲೆಳೆಯಷ್ಟು ಸಂದು ಇದ್ರೂ ಸಾಕು, ಪ್ಯಾಡು ಅಷ್ಟೇ ಏಳುತ್ತೆ, ಕಣ್ಣಿಗೆ ಕಾಣಲ್ಲ, ಕೆಳಗಿನ ಸ್ವರ ಢಮಾರ್.

ಆ ತೋಳಿನ ಕೆಳಗೆ ಕಾರ್ಕ್ ಇದೆಯಾ ನೋಡು.

ಬಂಟ್ವಾಳ್_ಫಿಟ್ಟರ್ · ಬುಧವಾರ ರಾತ್ರಿ 10:20

ಇಲ್ಲ.

ಯಾಕೆ ಇಲ್ಲ ಅಂದ್ರೆ ನಾನೇ ತೆಗೆದದ್ದು. ತೊಳೆಯುವಾಗ ಅಲ್ಲೊಂದು ಕಪ್ಪು ಚೂರು ಅಂಟಿಕೊಂಡಿತ್ತು, ಇಪ್ಪತ್ತು ವರ್ಷದ ಎಣ್ಣೆ ಕುಡಿದು ಗಟ್ಟಿಯಾಗಿ ಟಾರಿನ ಹಾಗೆ ಆಗಿತ್ತು, ಕೊಳೆ ಅಂತ ಬ್ಲೇಡಲ್ಲಿ ಕೆರೆದು ಬಿಸಾಡಿದ್ದೆ. ಕೆರೆದು ಪಾಲಿಶ್ ಸಹ ಮಾಡಿದ್ದೆ, ಚಂದ ಕಾಣ್ಲಿ ಅಂತ! ಉಸ್ತಾದರು "ನೀನು ಮಾಡಿದ್ದು" ಅಂತ ಹೇಳಿದ್ದು ರಿಪೇರಿಯ ಬಗ್ಗೆ ಅಂತ ಅಂದುಕೊಂಡಿದ್ದೆ ಮಾರಾಯ್ರೆ. ಅವರಿಗೆ ಮೊದಲ ದಿನವೇ ಗೊತ್ತಿತ್ತು. ಸಂಜೆ ಕೇಳಿದೆ, "ಕಸದ ಡಬ್ಬಿಯಲ್ಲಿ ನೋಡಿದ್ದೆ" ಅಂದ್ರು.

ಹುಬ್ಬಳ್ಳಿ_ಬ್ರಾಸ್ · ಬುಧವಾರ ರಾತ್ರಿ 10:34

ಹಹಹಹ ತಮ್ಮಾ ಬಿದ್ದು ಬಿದ್ದು ನಕ್ಕೆ. ನಾ ಹದಿನಾರು ವರ್ಷದವ ಇದ್ದಾಗ ನಮ್ಮಪ್ಪನ ಯೂಫೋನಿಯಂ ಹೊಳಿಲಿ ಅಂತ ಹುಣಸಿಹಣ್ಣಿನ ನೀರಾಗ ರಾತ್ರಿಪೂರ್ತಿ ಇಟ್ಟಿದ್ದೆ, ಪಿಸ್ಟನ್ ಸಮೇತ. ಮುಂಜಾನೆ ಎದ್ದು ನೋಡಿದ್ರ ಹಿತ್ತಾಳಿ ಎಲ್ಲ ಗುಲಾಬಿ! ಪಿಸ್ಟನ್ ಹಿಡಕೊಂಡ ಕುಂತಿದ್ವು. ನಮ್ಮಪ್ಪ ಬೈಲಿಲ್ಲ, ಸೀದಾ ಮೀರತ್ತಿಗೆ ರೈಲು ಹತ್ತಿದ, ನನ್ನೂ ಕರಕೊಂಡ ಹೋದ. ಜಾಲಿ ಕೋಠಿ ಅಂತ ಐತ್ರಿ ಅಲ್ಲಿ, ಓಣಿ ತುಂಬ ಬ್ಯಾಂಡಿನ ಸಾಮಾನು ಮಾಡೋರು, ಬ್ರಿಟಿಷರ ಕಾಲದಿಂದ, 1885ರಾಗ ಶುರುವಾದ ಕಾರ್ಖಾನಿ ಇನ್ನೂ ಐತಿ. ತಗಡ ಸುತ್ತಿ, ಬಡದು, ಬೆಸುಗಿ ಹಾಕಿ ಕಣ್ಣ ಮುಂದ ಬೆಲ್ ಮಾಡ್ತಾರ. ಅದನ್ನ ನೋಡಿದ ಮ್ಯಾಲನ ನನಗ ಡೆಂಟ್ ತೆಗಿಯೂದು ಅಂದ್ರ ಏನಂತ ತಿಳೀತು, ಒಳಗಿಂದ ಗುಂಡು ದೂಡಿ ಹೊರಗಿಂದ ಉಜ್ಜಬೇಕ, ಹೊಡದ್ರ ಲೋಹ ಹಿಗ್ತೈತಿ, ಹಿಗ್ಗಿದ್ದು ವಾಪಸ್ ಬರಂಗಿಲ್ಲ.

ದಾವಣಗೆರೆ_ಟು_ಮಿನ್ನೆಸೋಟ · ಗುರುವಾರ ಬೆಳಿಗ್ಗೆ 6:40

ಆ ಗುಲಾಬಿ ಯಾಕೆ ಗೊತ್ತಾ ಅಣ್ಣ, ಹಿತ್ತಾಳೆ ಅಂದ್ರೆ ತಾಮ್ರ ಸತು ಎರಡೂ ಸೇರಿದ್ದು, ಹುಳೀಲಿ ಹೆಚ್ಚು ಹೊತ್ತು ಇಟ್ರೆ ಮೇಲ್ಪದರದ ಸತು ಬಿಟ್ಟುಹೋಗಿ ತಾಮ್ರದ ಬಣ್ಣ ಕಾಣುತ್ತೆ. ಮೇಲೆ ಮೇಲೆ ಆದ್ರೆ ಉಜ್ಜಿದ್ರೆ ಹೋಗುತ್ತೆ. ಆದ್ರೆ ಟ್ರಂಪೆಟ್ಟಿನ ಮುಂದಿನ ಪೈಪಲ್ಲಿ ಒಳಗಡೆಯಿಂದ ಎಂಜಲಿಗೆ ಹೀಗೇ ಆಗಿ ಹೊರಗೆ ಗುಲಾಬಿ ಚುಕ್ಕೆ ಬಂತು ಅಂದ್ರೆ ಆ ಪೈಪ್ ಮುಗೀತು, ಬೇರೆ ಹಾಕಬೇಕು. ನಮ್ಮ ಕ್ಲಾಸಲ್ಲೂ ಸಿಟ್ರಿಕ್ ಆಸಿಡ್ಡಲ್ಲೇ ತೊಳೆಯೋದು, ನಿಂಬೆಹುಳಿ ಅಷ್ಟೇ, ಆದ್ರೆ ಗಡಿಯಾರ ನೋಡ್ಕೊಂಡು, ಆಮೇಲೆ ಚೆನ್ನಾಗಿ ನೀರು.

ಫಿಟ್ಟರ್, ಕೊರಗಬೇಡ. ನಾನು ಒಂದು ಫ್ಲೂಟಿನ ಪ್ಯಾಡ್ ಕೆಳಗಿನ ಕಾಗದದ ಬಿಲ್ಲೆಗಳನ್ನ ಕಸ ಅಂತ ಊದಿಬಿಟ್ಟಿದ್ದೆ. ಬೇರೆ ಬೇರೆ ದಪ್ಪದ್ದು, ಯಾವ ಕಪ್ಪಿನದು ಯಾವುದು ಅಂತ ಇನ್ನು ಯಾರಿಗೆ ಗೊತ್ತು. ಈಗ ಬಿಚ್ಚೋಕೆ ಮುಂಚೆ ಫೋನಲ್ಲಿ ಫೋಟೋ, ನಾಲ್ಕು ಕಡೆಯಿಂದ.

ಹಳೇ_ಬ್ಯಾಂಡ್ಮನ್ · ಗುರುವಾರ ಬೆಳಿಗ್ಗೆ 7:30

ಅರಗಿನ ಮಾತು ಬಂದಿತ್ತು ಮೊದಲು, ಹೇಳೋಕೆ ಮರೆತೆ. ನಮ್ಮ ಊರಲ್ಲಿ ಎಲೆಕ್ಷನ್ ಇಂಕ್ ಮಾಡೋ ಕಾರ್ಖಾನೆ ಇದೆಯಲ್ಲ, ಅದು 1937ರಲ್ಲಿ ನಾಲ್ವಡಿಯವರು ಶುರು ಮಾಡಿದಾಗ ಇದ್ದ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದ್ರೆ ಇದೇ ಅರಗು. ಇಂಕ್ ಬಂದಿದ್ದು 1962ಕ್ಕೆ. ನಿಮ್ಮ ಉಸ್ತಾದ್ ಅರಗು ಬಿಡಲ್ಲ ಅಂದದ್ದು ಓದಿ ಖುಷಿಯಾಯ್ತು. ಕಾಯಿಸಿದ್ರೆ ಮತ್ತೆ ಕರಗುತ್ತೆ, ಪ್ಯಾಡನ್ನ ಎಷ್ಟು ಸಲ ಬೇಕಾದ್ರೂ ಅಲ್ಲಾಡಿಸಬಹುದು, ಆರಿದ್ರೆ ಕಲ್ಲು.

ಸುಮ್ನೆ_ಓದೋನು · ಗುರುವಾರ ಬೆಳಿಗ್ಗೆ 9:02

ಹಾಗಿದ್ರೆ ಚನ್ನಪಟ್ಟಣದ ಗೊಂಬೆಗೆ ಹಾಕೋ ಅರಗಲ್ಲೂ ಪ್ಯಾಡ್ ಅಂಟಿಸಬಹುದಾ? (ಇದೂ ಸೀರಿಯಸ್ಸಾಗೇ. ನಾಲ್ಕು ದಿನದಿಂದ ಈ ಥ್ರೆಡ್ ಬಿಟ್ಟು ಬೇರೆ ಏನೂ ಓದ್ತಿಲ್ಲ ನಾನು.)

ಬಂಟ್ವಾಳ್_ಫಿಟ್ಟರ್ · ಗುರುವಾರ ಮಧ್ಯಾಹ್ನ 1:30

ಅದೂ ಮಾಡಿ ನೋಡಿದ್ದೇನೆ 😅 ಒಂದು ಕೆಂಪು ಕಡ್ಡಿ ತಂದಿದ್ದೆ. ಅಂಟ್ತದೆ, ಆದ್ರೆ ಬಣ್ಣ ಬೆರೆಸಿದ್ದಲ್ವಾ, ಕಪ್ಪಿನ ಅಂಚಿಂದ ಕೆಂಪು ಹೊರಗೆ ಬಂದು ಕುಂಕುಮ ಇಟ್ಟ ಹಾಗೆ ಕಾಣ್ತದೆ. ಉಸ್ತಾದರು ಪೂಜೆ ಮಾಡಿದ್ದೀಯಾ ಅಂತ ಕೇಳಿದ್ರು.

ಬಂಟ್ವಾಳ್_ಫಿಟ್ಟರ್ · ಶುಕ್ರವಾರ ರಾತ್ರಿ 11:05

ಆಯ್ತು!! ಪೂರ್ತಿ ಬರೀತೇನೆ, ಮುಂದೆ ನನ್ನ ಹಾಗೆ ಹುಡುಕಿ ಬರುವವರಿಗೆ ಆಗ್ತದೆ.

ಮೊದಲು 1 ಮಿ.ಮೀ. ಕಾರ್ಕಿನ ಹಾಳೆಯಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ತುಂಡು ಕೊಯ್ದೆ. ತೋಳಿನ ಕೆಳಗೂ ಕಾರ್ಕಿನ ಮೇಲೂ ಅಂಟು ತೆಳುವಾಗಿ ಸವರಿ, ಕೈಗೆ ಅಂಟದಷ್ಟು ಒಣಗಲಿಕ್ಕೆ ಬಿಟ್ಟು ಆಮೇಲೆ ಒತ್ತಿದೆ. ಕಲಿಯುವ ಶುರುವಿಗೆ ನಾನು ಹಸಿ ಇರುವಾಗಲೇ ಅಂಟಿಸ್ತಿದ್ದೆ, ಕಾರ್ಕು ಜಾರಿಕೊಂಡು ಹೋಗ್ತಿತ್ತು. ಹಾಕಿ ಊದಿದೆ, ಈಗ ಜಿ ಶಾರ್ಪ್ ಏಳುದು ನಿಂತಿತು! ಆದ್ರೆ ಎಫ್ ಶಾರ್ಪ್ ಹೋಯ್ತು, ಅದರಿಂದ ಕೆಳಗಿನ ಸ್ವರ ಎಲ್ಲ ಹಾಳಾಯ್ತು. ಕಾರ್ಕು ದಪ್ಪ ಹೆಚ್ಚಾಗಿ ತೋಳು ಜಿ ಶಾರ್ಪ್ ಮೇಲೆ ಮೊದಲೇ ಕೂತುಬಿಡ್ತದೆ, ಎಫ್ ಶಾರ್ಪ್ ಕಪ್ಪು ಪೂರ್ತಿ ಕೆಳಗೆ ಬರುದಿಲ್ಲ. ಒಂದು ಕೊಟ್ಟು ಒಂದು ಕಸಿದ ಹಾಗೆ.

ಆಗ ಉಸ್ತಾದರು ಮೊದಲ ಸಲ ಪಕ್ಕದಲ್ಲಿ ಬಂದು ಕೂತ್ರು. ಏನೂ ಹೇಳ್ಲಿಲ್ಲ, ನನ್ನ ಸಿಗರೇಟ್ ಕಾಗದದ ಎರಡು ಪಟ್ಟಿ ತಕೊಂಡ್ರು, ಒಂದು ಎಫ್ ಶಾರ್ಪ್ ಪ್ಯಾಡಿನ ಕೆಳಗೆ, ಇನ್ನೊಂದು ಜಿ ಶಾರ್ಪ್ ಪ್ಯಾಡಿನ ಕೆಳಗೆ. ಎಡಗೈ ಲಿವರ್ ಒತ್ತಿ ಹಿಡಿದ್ರು, ಬಲಗೈ ಎಫ್ ಕೀಯನ್ನು ಒಂದೇ ಬೆರಳಲ್ಲಿ ಬರೀ ಇಟ್ಟ ಹಾಗೆ ಒತ್ತಿದ್ರು, ಮತ್ತೆ ನನಗೆ ಕಣ್ಣು ಸನ್ನೆ ಮಾಡಿದ್ರು. ನಾನು ಎರಡೂ ಕಾಗದ ಎಳೆದೆ. ಎಫ್ ಶಾರ್ಪಿನದು ಸುಮ್ಮನೆ ಬಂತು, ಜಿ ಶಾರ್ಪಿನದು ಹರಿಯಿತು. ಸಣ್ಣ ಸ್ಯಾಂಡ್‌ಪೇಪರ್ ತುಂಡು ಕಾರ್ಕಿನ ಕೆಳಗೆ ಇಟ್ಟು ತೋಳನ್ನು ಮೆಲ್ಲ ಒತ್ತಿ ಪೇಪರ್ ಎಳೆದ್ರು, ಒಂದು ಎಳೆತ. ಮತ್ತೆ ಕಾಗದ. ಮತ್ತೊಂದು ಎಳೆತ. ನನ್ನ ಕೈಗೆ ಕೊಟ್ರು. ಏಳನೇ ಸಲಕ್ಕೆ ಎರಡೂ ಕಾಗದ ಒಂದೇ ಸಮ ಕಚ್ಚಿತು, ಬೆರಳಿಗೆ ವ್ಯತ್ಯಾಸ ಗೊತ್ತಾಗುದಿಲ್ಲ. ಊದಿದೆ, ಕೆಳಗಿನ ಬಿ ಫ್ಲಾಟ್ ಹಡಗಿನ ಹಾರ್ನಿನ ಹಾಗೆ ಬಂತು, ಎದುರು ಬಿರಿಯಾನಿ ಅಂಗಡಿಯವ ಹೊರಗೆ ಬಂದು ನೋಡಿದ.

ಮತ್ತೆ ತುಕ್ಕು ಹಿಡಿದು ತುಂಡಾದ ಮೂರು ಸ್ಪ್ರಿಂಗಿಗೆ ಸರಿಯಾದ ಅಳತೆ ಸ್ಟಾಕಲ್ಲಿ ಇರ್ಲಿಲ್ಲ, ಉಸ್ತಾದರು ದಪ್ಪ ಹೊಲಿಗೆ ಸೂಜಿ ಕೊಟ್ರು. ಒಂದು ತುದಿ ಮಾತ್ರ ಕೆಂಪಾಗುವವರೆಗೆ ಕಾಯಿಸಿ ಮೆತ್ತಗೆ ಮಾಡಿ ಸುತ್ತಿಗೆಯಲ್ಲಿ ಒಂದು ತಟ್ಟು, ಚಪ್ಪಟೆ ಆದ ಕಡೆ ಪೋಸ್ಟಿನ (ಕೀ ಹಿಡಿಯುವ ಸಣ್ಣ ಕಂಬ) ತೂತಲ್ಲಿ ಬಿಗಿಯಾಗಿ ಕೂರ್ತದೆ. ಉಳಿದ ಭಾಗಕ್ಕೆ ಬೆಂಕಿ ತಾಗಿದ್ರೆ ಸೂಜಿಯ ಪುಟಿಯುವ ಗುಣ ಹೋಗ್ತದೆ. ಎರಡು ಸೂಜಿ ಹಾಳು ಮಾಡಿದೆ, ಐಟಿಐಯಲ್ಲಿ ಅನೀಲಿಂಗ್ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇದೇ ಅಂತ ಈಗ ಗೊತ್ತಾದದ್ದು.

ಹಳೇ_ಬ್ಯಾಂಡ್ಮನ್ · ಶನಿವಾರ ಬೆಳಿಗ್ಗೆ 6:50

ಭೇಷ್. ಊರಿಗೆ ಹೊರಡೋ ಮುಂಚೆ ಜಿ ಶಾರ್ಪ್ ಮತ್ತು ಕೆಳಗಿನ ಸಿ ಶಾರ್ಪ್ ಪ್ಯಾಡಿಗೆ ಒಣ ಕಾಗದ ಒತ್ತಿ ತೇವ ತೆಗಿ ಅಂತ ಮಾವಂಗೆ ಹೇಳು. ಅವೆರಡೂ ಯಾವಾಗ್ಲೂ ಮುಚ್ಚೇ ಇರ್ತವೆ, ನಿಮ್ಮ ಕಡೆ ಹವಾಕ್ಕೆ ಅಂಟ್ಕೊಂಡುಬಿಡ್ತವೆ, ಬಡಕಲು ಸ್ಪ್ರಿಂಗಿಗೆ ಎತ್ತೋ ಶಕ್ತಿ ಇರಲ್ಲ. ಪೌಡರ್ ಹಾಕೋದು ಬೇಡ. ಮತ್ತೆ ಆ ಸುಟ್ಟ ಕಲೆ ನೀನೇ ಬಾಯಿಬಿಟ್ಟು ಹೇಳು, ಅವರೇ ನೋಡೋ ಮುಂಚೆ.

ಬಂಟ್ವಾಳ್_ಫಿಟ್ಟರ್ · ಸೋಮವಾರ ಬೆಳಿಗ್ಗೆ 8:15

ಬಸ್ಸಲ್ಲಿ ವಾಪಸ್ ಬರ್ತಾ ಇದ್ದೇನೆ, ಶಿರಾಡಿ ಘಾಟಿ ದಾಟಿತು, ನೆಟ್‌ವರ್ಕ್ ಸಿಕ್ಕಿತು.

ಮಾವ ಕೇಸ್ ತೆಗೆದ ಕೂಡ್ಲೇ ಕಲೆ ತೋರಿಸಿದೆ. "ಸ್ಯಾಕ್ಸಿಗೆ ದೃಷ್ಟಿಬೊಟ್ಟು ಆಯ್ತು, ಇರ್ಲಿ" ಅಂದ್ರು. ಆಮೇಲೆ ಹೊರಗೆ ಜಗಲಿಯಲ್ಲಿ ಕೂತು ಅರ್ಧ ಗಂಟೆ ನುಡಿಸಿದ್ರು. ನಾನು ರಾಗ ಕೇಳ್ಲೇ ಇಲ್ಲ, ಬರೀ ಎಡಗೈ ಕಿರುಬೆರಳು ನೋಡ್ತಾ ಇದ್ದೆ. ಹೊಗಳಿದ್ದು ಎಂತ ಇಲ್ಲ, ಬಲಗೈ ಸ್ಪ್ರಿಂಗ್ ಗಟ್ಟಿ ಆಗಿದೆ, ಗಮಕಕ್ಕೆ ಬೆರಳು ನೋವಾಗ್ತದೆ, ಹಗುರ ಮಾಡು ಅಂದ್ರು. ಅಲ್ಲೇ ಕ್ರೋಶಾ ಕಡ್ಡಿಯಿಂದ ಮಾಡಿದ ನನ್ನ ಹುಕ್ಕಲ್ಲಿ ನಾಲ್ಕು ಸ್ಪ್ರಿಂಗ್ ಸ್ವಲ್ಪ ಸ್ವಲ್ಪ ಬಗ್ಗಿಸಿ ಕೊಟ್ಟೆ. ಉತ್ಸವದಲ್ಲಿ ಎರಡು ಗಂಟೆ ನುಡಿಸಿದ್ರು, ಒಂದು ಸ್ವರ ತಪ್ಪಲಿಲ್ಲ.

ಹೊರಡುವಾಗ ಡೋಲಿನವರ ಅಣ್ಣ ಒಂದು ಪ್ಲಾಸ್ಟಿಕ್ ಚೀಲ ತಂದು ಕೈಗೆ ಕೊಟ್ರು, ಒಳಗೆ ಕ್ಲಾರಿನೆಟ್ಟು, ಐದು ತುಂಡು, ಮೇಲಿನ ಜಾಯಿಂಟಲ್ಲಿ ಉದ್ದಕ್ಕೆ ಬಿರುಕು, ಅದಕ್ಕೆ ಯಾರೋ ಎಂ-ಸೀಲ್ ಮೆತ್ತಿದ್ದಾರೆ. ಅಕ್ಕಾ, ನೀವು ಕ್ಲಾರಿನೆಟ್ಟಿನವರಲ್ವಾ, ಎಂ-ಸೀಲ್ ತೆಗೆಯುದು ಹೇಗೆ? ಈ ಸಲ ಏನೂ ಕೆರೆದಿಲ್ಲ, ಫೋಟೋ ಮೊದಲು ಹಾಕ್ತೇನೆ.

ದಾವಣಗೆರೆ_ಟು_ಮಿನ್ನೆಸೋಟ · ಸೋಮವಾರ ಸಂಜೆ 6:05

ಮುಟ್ಟಬೇಡ ಮುಟ್ಟಬೇಡ. ಮೊದಲು ಅದು ಮರದ್ದಾ ಪ್ಲಾಸ್ಟಿಕ್ಕಾ ಹೇಳು. ಮರದ್ದಾದ್ರೆ ನಮ್ಮ ಬೀಟೆಯ ಅಣ್ಣತಮ್ಮ ಆಫ್ರಿಕಾದ ಕರಿಮರ ಇರುತ್ತೆ, ಒಣ ಹವೆಗೆ ಸೀಳುತ್ತೆ, ಬಿಸಿ ಮಾಡಿದ್ರೆ ಇನ್ನೂ ಸೀಳುತ್ತೆ. ಹೊಸ ಥ್ರೆಡ್ ಹಾಕು, ಅಲ್ಲಿ ಬರ್ತೀನಿ.

ಬ್ಯಾಂಡ್_ಮಿಸ್ · ಸೋಮವಾರ ಸಂಜೆ 6:30

ಫಿಟ್ಟರ್, ನಾಳೆ ಅಂಗಡಿ ತೆಗೆದಿರುತ್ತಾ? ಪಿ.ಟಿ. ಸರ್ ಗೆದ್ದರು. ಮೌತ್‌ಪೀಸ್ ಬಂತು, ಪೈಪ್ ಸಮೇತ ಬಂತು.

ಹುಬ್ಬಳ್ಳಿ_ಬ್ರಾಸ್ · ಸೋಮವಾರ ಸಂಜೆ 6:33

ಅಕ್ಕಾರ ಕೀಲಿ ಹಾಕ್ರಿ ಅಂದಿದ್ನಿಲ್ಲೊ.